ಹುರುಳಿಕಾಳಿನ ಯೂರಿಯಾ ಸೆನ್ಸರ್: ಡಿಗ್ರಿ ಲ್ಯಾಬಿನಲ್ಲೇ ಮಾಡುವುದು ಹೇಗೆ

ಮಂಡ್ಯದ ಕಡೆಯ ಮಕ್ಕಳಿಗೆ ಯೂರಿಯಾ ಹೊಸದಲ್ಲ. ನಾಲೆಗೆ ನೀರು ಬಿಟ್ಟ ಮೇಲೆ ಕಬ್ಬಿಗೂ ಭತ್ತಕ್ಕೂ ಬೇಕಾದ ಮೊದಲ ಮೂಟೆ ಅದೇ. ಹುರುಳಿಯೂ ಹೊಸದಲ್ಲ. ನಾಗಮಂಗಲದ ಕಡೆ ಹೊಲದಲ್ಲಿ ಬೆಳೆಯುತ್ತದೆ, ಎಲ್ಲರ ಮನೆಯಲ್ಲೂ ಬಸ್ಸಾರಿಗೆ ಬೀಳುತ್ತದೆ. ಈ ಎರಡನ್ನೂ ಒಂದೇ ಬೀಕರಿಗೆ ಹಾಕಿ, ಪಕ್ಕದಲ್ಲಿ ಕಂಡಕ್ಟಿವಿಟಿ ಮೀಟರ್ (ದ್ರಾವಣದಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಅಳೆಯುವ ಮೀಟರ್) ಇಟ್ಟರೆ ಬಯೋಸೆನ್ಸರ್ ಆಗುತ್ತದೆ ಎಂದರೆ ಮೊದಲ ಸಲ ಯಾರೂ ನಂಬುವುದಿಲ್ಲ. ಮೀಟರಿನ ಅಂಕಿ ಕಣ್ಣೆದುರೇ ಏರಲು ಶುರುವಾದಾಗ ನಂಬುತ್ತಾರೆ.

ನಾನು ಮಂಡ್ಯದಲ್ಲಿ ಬಿಎಸ್ಸಿ ಮಕ್ಕಳಿಗೆ ಕೆಮಿಸ್ಟ್ರಿ ಪ್ರಾಕ್ಟಿಕಲ್ ಮಾಡಿಸುತ್ತೇನೆ. ಬಯೋಸೆನ್ಸರ್ ಪಾಠವನ್ನು ಬೋರ್ಡಿನ ಮೇಲೆ ಚಿತ್ರ ಬಿಡಿಸಿ ಮುಗಿಸುವುದು ನನಗೆ ಸಮಾಧಾನ ಕೊಡುತ್ತಿರಲಿಲ್ಲ. ಚಿತ್ರದಲ್ಲಿ ಮೂರು ಡಬ್ಬಿ, ಎರಡು ಬಾಣ ಇರುತ್ತವೆ. ಪರೀಕ್ಷೆಯಲ್ಲಿ ಮಕ್ಕಳು ಅದನ್ನೇ ಬಿಡಿಸಿ ಮಾರ್ಕ್ಸ್ ತಗೋತಾರೆ. ಆದರೆ ಸೆನ್ಸರ್ ಎಂದರೆ ಏನು ಎಂದು ಗೊತ್ತಾಗುವುದು ತಾವೇ ಒಂದನ್ನು ಮಾಡಿ, ಅದು ತಪ್ಪು ಹೇಳಿದಾಗ ಯಾಕೆ ಎಂದು ಹುಡುಕಿದಾಗ. ನಾವು ಮಾಡುವ ವಿಧಾನವನ್ನು ಇಲ್ಲಿ ಬರೆದಿದ್ದೇನೆ. ನಾಲ್ಕು ಗಂಟೆಯ ಎರಡು ಪ್ರಾಕ್ಟಿಕಲ್ ಬೇಕು. ಒಂದು ಬ್ಯಾಚಿಗೆ ನಾಲ್ಕು ಜನ ಸಾಕು.

ಒಳಗೆ ನಡೆಯುವುದೇನು

ಎಂಜೈಮ್ ಬಯೋಸೆನ್ಸರಿಗೆ ಬೇಕಾದ್ದು ಮೂರು. ಒಂದೇ ವಸ್ತುವನ್ನು ಗುರುತು ಹಿಡಿಯುವ ಎಂಜೈಮ್. ಆ ಎಂಜೈಮ್ ತೊಳೆದು ಹೋಗದಂತೆ ಹಿಡಿದಿಡುವ ಜಾಲ. ಎಂಜೈಮ್ ಕೆಲಸ ಮಾಡಿದ್ದನ್ನು ಅಂಕಿಯಾಗಿ ತೋರಿಸುವ ಮೀಟರ್.

ಹುರುಳಿಯಲ್ಲಿ ಯೂರಿಯೇಸ್ ಎಂಬ ಎಂಜೈಮ್ ಇದೆ. ಅದು ಒಂದು ಯೂರಿಯಾ ಅಣುವನ್ನು ನೀರಿನ ಜೊತೆ ಸೇರಿಸಿ ಎರಡು ಅಮೋನಿಯಾ, ಒಂದು ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ. ಯೂರಿಯಾಕ್ಕೆ ಚಾರ್ಜ್ ಇಲ್ಲ, ಆದ್ದರಿಂದ ಅದರ ದ್ರಾವಣದಲ್ಲಿ ಕರೆಂಟ್ ಹರಿಯುವುದಿಲ್ಲ ಅಂತಲೇ ಅಂದುಕೊಳ್ಳಿ. ಒಡೆದ ಮೇಲೆ ಬರುವ ಅಮೋನಿಯಾ ಮತ್ತು ಕಾರ್ಬನ್ ಡೈಆಕ್ಸೈಡ್ ನೀರಿನಲ್ಲಿ ಅಮೋನಿಯಂ, ಬೈಕಾರ್ಬೊನೇಟ್ ಅಯಾನುಗಳಾಗುತ್ತವೆ. ಅವು ಕರೆಂಟ್ ಹರಿಸುತ್ತವೆ. ಅಂದರೆ ಯೂರಿಯಾ ಒಡೆದಷ್ಟೂ ಕಂಡಕ್ಟಿವಿಟಿ ಏರುತ್ತದೆ.

ತುಂಬಾ ಜನ ಇದಕ್ಕೆ ಪಿಎಚ್ ಮೀಟರ್ ಬಳಸುತ್ತಾರೆ. ಅದೂ ಆಗುತ್ತದೆ. ಆದರೆ ಪಿಎಚ್ ಲಾಗರಿದಮ್ ಲೆಕ್ಕದಲ್ಲಿ ಓಡುತ್ತದೆ, ಸ್ಯಾಂಪಲ್ಲಿನಲ್ಲಿ ಬಫರ್, ಅಂದರೆ ಪಿಎಚ್ ಬದಲಾಗದಂತೆ ತಡೆಯುವ ಲವಣಗಳು, ಇದ್ದರೆ ಜಗ್ಗುವುದೇ ಇಲ್ಲ. ಕಂಡಕ್ಟಿವಿಟಿ ಹೆಚ್ಚು ಕಡಿಮೆ ನೇರ ಗೆರೆಯಲ್ಲಿ ಏರುತ್ತದೆ, ಮೀಟರೂ ಸಾಮಾನ್ಯವಾಗಿ ಡಿಗ್ರಿ ಲ್ಯಾಬುಗಳಲ್ಲಿ ಇರುತ್ತದೆ. ಹೊಸದಾಗಿ ಕಲಿಯುವವರಿಗೆ ಇದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಇದರ ಹಿಂದೆ ದೊಡ್ಡ ಚರಿತ್ರೆ ಇದೆ. 1926ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್ ಮೊದಲ ಸಲ ಒಂದು ಎಂಜೈಮನ್ನು ಹರಳು ಮಾಡಿ ತೋರಿಸಿದರು. ಅದು ಇದೇ ಯೂರಿಯೇಸ್. ಜ್ಯಾಕ್ ಬೀನ್ ಎಂಬ, ಕತ್ತಿಯಂಥ ಉದ್ದ ಕಾಯಿ ಬಿಡುವ ಅವರೆ ಜಾತಿಯ ಕಾಳಿನಿಂದ ತೆಗೆದದ್ದು. ಹದಿಹರೆಯದಲ್ಲಿ ಎಡಗೈ ಕಳೆದುಕೊಂಡಿದ್ದ ಅವರು ಒಂದೇ ಕೈಯಲ್ಲಿ ಲ್ಯಾಬ್ ಕೆಲಸ ಮಾಡಿದವರು. ಎಂಜೈಮ್ ಎಂದರೆ ಪ್ರೋಟೀನ್ ಎಂಬ ಅವರ ಮಾತನ್ನು ಜಗತ್ತು ಒಪ್ಪಲು ವರ್ಷಗಳೇ ಹಿಡಿದವು, 1946ರಲ್ಲಿ ನೊಬೆಲ್ ಬಂತು. 1962ರಲ್ಲಿ ಕ್ಲಾರ್ಕ್ ಮತ್ತು ಲಯನ್ಸ್ ಎಂಜೈಮನ್ನು ಎಲೆಕ್ಟ್ರೋಡಿಗೆ ಜೋಡಿಸುವ ದಾರಿ ತೋರಿಸಿದರು. 1969ರಲ್ಲಿ ಗಿಲ್ಬಾಲ್ಟ್ ಮತ್ತು ಮೊಂಟಾಲ್ವೊ ಯೂರಿಯೇಸನ್ನು ಜೆಲ್ಲಿನಲ್ಲಿ ಹಿಡಿದಿಟ್ಟು ಯೂರಿಯಾ ಎಲೆಕ್ಟ್ರೋಡ್ ಮಾಡಿದರು. ನಾವು ಮಾಡುವುದು ಅದೇ ಕೆಲಸದ ಸರಳ ರೂಪ. ಇಲ್ಲೇ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲೂ ಆಹಾರ ಪರೀಕ್ಷೆಗಾಗಿ ಬಯೋಸೆನ್ಸರ್ ಸಂಶೋಧನೆ ನಡೆದಿದೆ ಎಂದು ಮಕ್ಕಳಿಗೆ ತಪ್ಪದೆ ಹೇಳುತ್ತೇನೆ.

ಗ್ಲೂಕೋಸ್ ಸೆನ್ಸರ್ ಯಾಕೆ ಬೇಡ ಎಂದು ಕೇಳಬಹುದು. ಅದರ ಎಂಜೈಮನ್ನು ಆರ್ಡರ್ ಮಾಡಿ ತರಿಸಬೇಕು, ತಣ್ಣಗೆ ಕಾಪಾಡಬೇಕು, ಕೆಟ್ಟರೆ ಮತ್ತೆ ತರಿಸಬೇಕು. ಹುರುಳಿ ಕೆಟ್ಟರೆ ಅಂಗಡಿ ಪಕ್ಕದಲ್ಲೇ ಇದೆ.

ಹಿಂದಿನ ದಿನವೇ ಮಾಡಿಕೊಳ್ಳುವುದು

ಎಂಜೈಮನ್ನು ಹಿಡಿದಿಡುವ ಜಾಲಕ್ಕೆ ನಾವು ಬಳಸುವುದು ಸೋಡಿಯಂ ಆಲ್ಜಿನೇಟ್, ಕಡಲಪಾಚಿಯಿಂದ ತೆಗೆದ ಅಂಟು. ಇದರ ಹನಿ ಕ್ಯಾಲ್ಸಿಯಂ ದ್ರಾವಣಕ್ಕೆ ಬಿದ್ದರೆ ಮಣಿಯಾಗಿ ಗಟ್ಟಿಯಾಗುತ್ತದೆ. ಇದರ ದ್ರಾವಣವನ್ನು ಹಿಂದಿನ ಸಂಜೆಯೇ ಮಾಡಿಡಿ. 100 ಮಿಲಿ ಡಿಸ್ಟಿಲ್ಡ್ ವಾಟರಿಗೆ 4 ಗ್ರಾಂ ಪುಡಿ. ಪುಡಿಯನ್ನು ಒಂದೇ ಸಲ ಸುರಿದರೆ, ಮುದ್ದೆ ತೊಳಸುವಾಗ ಹಿಟ್ಟು ಗಂಟು ಕಟ್ಟುತ್ತದಲ್ಲ, ಹಾಗೇ ಆಗುತ್ತದೆ. ಮೇಲೆ ಅಂಟು, ಒಳಗೆ ಒಣ ಪುಡಿ. ಎಷ್ಟು ಕಲಕಿದರೂ ಆ ಗಂಟು ಒಡೆಯುವುದಿಲ್ಲ. ನೀರನ್ನು ಉಗುರುಬೆಚ್ಚಗೆ ಮಾಡಿ, ಜೋರಾಗಿ ಕಲಕುತ್ತಾ, ಚಿಟಿಕೆ ಚಿಟಿಕೆಯಾಗಿ ಉದುರಿಸಿ. ಮುಚ್ಚಿಟ್ಟರೆ ಬೆಳಗ್ಗೆ ಹೊತ್ತಿಗೆ ಗುಳ್ಳೆಗಳೆಲ್ಲ ಮೇಲೆ ಬಂದು ದ್ರಾವಣ ತಿಳಿಯಾಗಿರುತ್ತದೆ.

ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ 0.2 ಮೋಲಾರ್ ಬೇಕು. ಎರಡು ನೀರಿನ ಅಣು ಇರುವ ಪುಡಿಯಾದರೆ 200 ಮಿಲಿಗೆ 5.9 ಗ್ರಾಂ. ಯೂರಿಯಾ ಸ್ಟಾಕ್ 100 ಮಿಲಿಮೋಲಾರ್. ಲ್ಯಾಬಿನ ಶುದ್ಧ ಯೂರಿಯಾ 0.60 ಗ್ರಾಂ ತೂಗಿ 100 ಮಿಲಿ ಸ್ಟ್ಯಾಂಡರ್ಡ್ ಫ್ಲಾಸ್ಕಿನಲ್ಲಿ ಮಾಡಿ. ಯೂರಿಯಾ ಸ್ಟಾಕನ್ನು ಮಾತ್ರ ಬಳಸುವ ದಿನವೇ ಮಾಡಿಕೊಳ್ಳಿ.

ಎಂಜೈಮ್ ತೆಗೆಯುವುದು

ಹುರುಳಿಯನ್ನು ಹುರಿಯಬೇಡಿ. ಹುರಿದರೆ ಎಂಜೈಮ್ ಸತ್ತಂತೆ. ಬಿತ್ತನೆಗೆ ತಂದ ಕಾಳನ್ನೂ ಮುಟ್ಟಬೇಡಿ. ಅದಕ್ಕೆ ಔಷಧಿ ಹಚ್ಚಿರುತ್ತಾರೆ. ಅಡುಗೆ ಮನೆಯ ಹಸಿ ಹುರುಳಿಯೇ ಸರಿ. ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ರುಬ್ಬಿ. ಒಂದೇ ಸಮನೆ ಓಡಿಸಿದರೆ ಜಾರ್ ಬಿಸಿಯಾಗುತ್ತದೆ. ಮುಟ್ಟಿ ನೋಡಿ, ಬೆಚ್ಚಗಾಗಿದ್ದರೆ ಸ್ವಲ್ಪ ಹೊತ್ತು ಬಿಡಿ. ಸಣ್ಣ ಜರಡಿಯಲ್ಲಿ ಜಾಲಿಸಿ.

10 ಗ್ರಾಂ ಹಿಟ್ಟಿಗೆ 50 ಮಿಲಿ ತಣ್ಣನೆಯ ಡಿಸ್ಟಿಲ್ಡ್ ವಾಟರ್. ಬೀಕರನ್ನು ಐಸ್ ನೀರಿನ ಟಬ್ಬಿನಲ್ಲಿಟ್ಟು 30ರಿಂದ 40 ನಿಮಿಷ ಕಲಕಿ. ಆಮೇಲೆ ಎರಡು ಪದರ ಮಸ್ಲಿನ್ ಬಟ್ಟೆಯಲ್ಲಿ ಸೋಸಿ ಹಿಂಡಿ. ಸೆಂಟ್ರಿಫ್ಯೂಜ್ ಇದ್ದರೆ 3000 ಆರ್‌ಪಿಎಂನಲ್ಲಿ 10 ನಿಮಿಷ ತಿರುಗಿಸಿ. ಇಲ್ಲದಿದ್ದರೆ ಫ್ರಿಜ್ಜಿನಲ್ಲಿ ಒಂದು ಗಂಟೆ ಅಲ್ಲಾಡಿಸದೆ ಇಡಿ. ಪಿಷ್ಟ ತಳಕ್ಕೆ ಕೂರುತ್ತದೆ. ಮೇಲಿನ ಕೆನೆಹಳದಿ ನೀರನ್ನು ಮೆಲ್ಲಗೆ ಬಗ್ಗಿಸಿಕೊಳ್ಳಿ. ನಿಮ್ಮ ಎಂಜೈಮ್ ಇದರಲ್ಲೇ ಇದೆ.

ಇಲ್ಲಿ ಒಂದು ಮಾತು. ಪುಸ್ತಕಗಳಲ್ಲಿ ಸಾಮಾನ್ಯವಾಗಿ ಫಾಸ್ಫೇಟ್ ಬಫರ್ ಬಳಸಿ ಎಂದಿರುತ್ತದೆ. ನಾನು ಮೊದಲ ವರ್ಷ ಹಾಗೇ ಮಾಡಿದೆ. ಮಕ್ಕಳು ಮಧ್ಯಾಹ್ನ ಪೂರ್ತಿ ಕೂತು ಚೆಂದದ ಮಣಿ ಮಾಡಿದ್ದರು. ಅವನ್ನು ಫಾಸ್ಫೇಟ್ ಬಫರಿನಲ್ಲೇ ಹಾಕಿಟ್ಟು ಮನೆಗೆ ಹೋದೆವು. ಬೆಳಗ್ಗೆ ಬಾಟಲಿ ಎತ್ತಿ ನೋಡಿದರೆ ಮಣಿಗಳಿಲ್ಲ. ತಳದಲ್ಲಿ ಹೆಚ್ಚು ಬೆಂದ ಸಬ್ಬಕ್ಕಿಯಂತೆ ಲೋಳೆ, ಅದರ ಮೇಲೆ ಬಿಳಿ ಮಸುಕು. ಫಾಸ್ಫೇಟ್ ಮಣಿಯೊಳಗಿನ ಕ್ಯಾಲ್ಸಿಯಂ ಅನ್ನು ಎಳೆದುಕೊಂಡಿತ್ತು. ಕ್ಯಾಲ್ಸಿಯಂ ಹೋದರೆ ಜಾಲದ ಗಂಟು ಬಿಚ್ಚಿದ ಹಾಗೆ. ಸಿಟ್ರೇಟ್, ಇಡಿಟಿಎ ಎಂಬ ರಾಸಾಯನಿಕಗಳೂ ಹೀಗೇ ಮಾಡುತ್ತವೆ. ಆವತ್ತು ಮಕ್ಕಳ ಮುಖ ನೋಡಿ ನನಗೆ ಬೇಜಾರಾಯಿತು. ಆದರೆ ಕ್ಯಾಲ್ಸಿಯಂ ಆ ಮಣಿಯಲ್ಲಿ ಏನು ಕೆಲಸ ಮಾಡುತ್ತಿತ್ತು ಎಂಬುದು ಆ ಬ್ಯಾಚಿನ ಯಾರಿಗೂ ಮತ್ತೆ ಹೇಳಿಕೊಡಬೇಕಾಗಲಿಲ್ಲ. ಅಂದಿನಿಂದ ಬರೀ ನೀರಿನಲ್ಲೇ ಎಂಜೈಮ್ ತೆಗೆಯುತ್ತೇವೆ.

ಮುಂದಕ್ಕೆ ಹೋಗುವ ಮೊದಲು ಎಂಜೈಮ್ ಬದುಕಿದೆಯೇ ನೋಡಿಕೊಳ್ಳಿ. ಟೆಸ್ಟ್ ಟ್ಯೂಬಿನಲ್ಲಿ 2 ಮಿಲಿ ಯೂರಿಯಾ ದ್ರಾವಣ, ಎರಡು ಹನಿ ಫೀನಾಲ್ ರೆಡ್ (ಕ್ಷಾರ ತಾಗಿದರೆ ಬಣ್ಣ ಬದಲಿಸುವ ದ್ರಾವಣ), ಹತ್ತು ಹನಿ ಹುರುಳಿ ನೀರು. ಹಳದಿ ಬಣ್ಣ ಮೆಲ್ಲಗೆ ಗುಲಾಬಿಗೆ ತಿರುಗಬೇಕು. ಫೀನಾಲ್ ರೆಡ್ ಇಲ್ಲದಿದ್ದರೆ ಅರಿಶಿನ ಸಾಕು. ಆರತಿ ನೀರಿಗೆ ಅರಿಶಿನ, ಸುಣ್ಣ ಸೇರಿಸಿದರೆ ಕೆಂಪಾಗುತ್ತದಲ್ವಾ, ಇಲ್ಲೂ ಅದೇ ಗುಣ. ಸುಣ್ಣದ ಬದಲು ಅಮೋನಿಯಾ, ಅಷ್ಟೇ. ಅರಿಶಿನ ಹಚ್ಚಿ ಒಣಗಿಸಿದ ಫಿಲ್ಟರ್ ಪೇಪರನ್ನು ಒದ್ದೆ ಮಾಡಿ, ದ್ರಾವಣದ ಒಂದು ಹನಿ ಬಿಟ್ಟು ನೋಡಿ.

ಉಳಿದ ಹುರುಳಿ ನೀರಿನಲ್ಲಿ ಅರ್ಧವನ್ನು ಬೇರೆ ತೆಗೆದು ಕುದಿಯುವ ವಾಟರ್ ಬಾತಿನಲ್ಲಿ 10 ನಿಮಿಷ ಇಡಿ. ಪ್ರೋಟೀನ್ ಹಾಲು ಒಡೆದಂತೆ ಬಿಳಿಯಾಗಿ ಗಟ್ಟಿಯಾಗುತ್ತದೆ. ಸೋಸಿಕೊಳ್ಳಿ. ಇದು ನಿಮ್ಮ ಕಂಟ್ರೋಲ್, ಅಂದರೆ ಎಂಜೈಮ್ ಸತ್ತಿದ್ದಾಗ ಅಂಕಿ ಏನು ಬರುತ್ತದೆ ಎಂದು ಹೋಲಿಸಿ ನೋಡಲು. ದಯವಿಟ್ಟು ಈ ಹೆಜ್ಜೆ ಬಿಡಬೇಡಿ. ಟೈಮ್ ಇಲ್ಲ ಅಂತ ಮೊದಲು ಬಿಡುವುದು ಇದನ್ನೇ, ಆಮೇಲೆ ಪರದಾಡುವುದೂ ಇದಕ್ಕೇ.

ಮಣಿ ಕಟ್ಟುವುದು

25 ಮಿಲಿ ಆಲ್ಜಿನೇಟ್ ದ್ರಾವಣಕ್ಕೆ ಅಷ್ಟೇ ಹುರುಳಿ ನೀರು ಸೇರಿಸಿ ಮೆಲ್ಲಗೆ ಕಲಕಿ. ಜೋರಾಗಿ ಕಲಕಿದರೆ ಗುಳ್ಳೆ ಏಳುತ್ತದೆ, ಗುಳ್ಳೆ ಇರುವ ಮಣಿ ತೇಲುತ್ತದೆ. ಹುರುಳಿ ನೀರು ಕಡಿಮೆ ಸಿಕ್ಕಿದ್ದರೆ ಎರಡನ್ನೂ ಸಮ ಪಾಲಿನಲ್ಲೇ ಇಳಿಸಿಕೊಳ್ಳಿ.

5 ಮಿಲಿ ಸಿರಿಂಜಿಗೆ ತುಂಬಿ, ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ಸುಮಾರು ಒಂದು ಗೇಣಿಗಿಂತ ಕಡಿಮೆ ಎತ್ತರದಿಂದ ಹನಿ ಹನಿಯಾಗಿ ಬಿಡಿ. ಹನಿ ಬಿದ್ದ ಕ್ಷಣವೇ ಸುತ್ತ ಒಂದು ಪೊರೆ ಕಟ್ಟಿ ಗುಂಡಗಾಗುತ್ತದೆ. ಇದನ್ನು ಹತ್ತಿರದಿಂದ ನೋಡಬೇಕು. ಮೊದಲು ಹನಿ ಗಾಜಿನಂತೆ ಇರುತ್ತದೆ. ಕೆಲವೇ ನಿಮಿಷದಲ್ಲಿ ಹೊರಗಿನಿಂದ ಒಳಗೆ ಮಸುಕಾಗುತ್ತಾ ಹೋಗುತ್ತದೆ. ಕ್ಯಾಲ್ಸಿಯಂ ಒಳಗೆ ಇಳಿಯುತ್ತಿರುವ ಗುರುತು ಅದು. ಕ್ಯಾಲ್ಸಿಯಂಗೆ ಎರಡು ಧನ ಚಾರ್ಜ್ ಇದೆ. ಒಂದೊಂದು ಕೈಯಲ್ಲಿ ಒಂದೊಂದು ಆಲ್ಜಿನೇಟ್ ಎಳೆ ಹಿಡಿದು ಗಂಟು ಹಾಕುತ್ತದೆ ಎಂದುಕೊಳ್ಳಿ. ಸೋಡಿಯಂಗೆ ಒಂದೇ ಕೈ, ಅದರಿಂದ ಗಂಟು ಬೀಳುವುದಿಲ್ಲ.

ಮಣಿಗೆ ಬಾಲ ಬಂದರೆ ಸಿರಿಂಜನ್ನು ಸ್ವಲ್ಪ ಮೇಲಕ್ಕೆತ್ತಿ. ಚಪ್ಪಟೆಯಾದರೆ ಕೆಳಗಿಳಿಸಿ. 30 ನಿಮಿಷ ದ್ರಾವಣದಲ್ಲೇ ಬಿಡಿ. ಕುದಿಸಿದ ಹುರುಳಿ ನೀರಿನಿಂದಲೂ ಹೀಗೇ ಮಣಿ ಮಾಡಿ, ಬೇರೆ ಬೀಕರಿನಲ್ಲಿ. ಬೀಕರುಗಳ ಮೇಲೆ ಈಗಲೇ ಹೆಸರು ಬರೆಯಿರಿ. ಎರಡೂ ಮಣಿ ನೋಡಲು ಒಂದೇ ಥರ ಇರುತ್ತವೆ.

ಈ ಜಾಲಕ್ಕೆ ಯೂರಿಯೇಸ್ ಹೇಳಿ ಮಾಡಿಸಿದ ಎಂಜೈಮ್. ಜ್ಯಾಕ್ ಬೀನ್ ಯೂರಿಯೇಸಿನ ಅಣುತೂಕ ಸುಮಾರು 5.5 ಲಕ್ಷ. ಯೂರಿಯಾದ್ದು ಬರೀ 60. ಆನೆಯನ್ನು ಹಿಡಿಯುವ ಬೋನಿನಲ್ಲಿ ಇರುವೆ ಓಡಾಡಿದ ಹಾಗೆ ಯೂರಿಯಾ ಒಳಗೆ ಹೋಗಿ ಬರುತ್ತದೆ, ಎಂಜೈಮ್ ಒಳಗೇ ಉಳಿಯುತ್ತದೆ. ಸಣ್ಣ ಎಂಜೈಮುಗಳನ್ನು ಆಲ್ಜಿನೇಟಿನಲ್ಲಿ ಹಾಕಿದರೆ ಸೋರುವುದು ಜಾಸ್ತಿ.

ಇನ್ನು ತೊಳೆಯುವುದು. ಇದು ಬೇಸರದ ಕೆಲಸ, ಆದರೆ ಸೆನ್ಸರ್ ನಿಲ್ಲುವುದು ಇದರ ಮೇಲೆ. ಮಣಿಯೊಳಗೆ ಉಳಿದ ಕ್ಯಾಲ್ಸಿಯಂ ಕ್ಲೋರೈಡ್ ನೀರಿಗೆ ಸೋರಿದರೆ ಕಂಡಕ್ಟಿವಿಟಿ ತಾನೇ ಏರುತ್ತದೆ, ಯೂರಿಯಾ ಇಲ್ಲದಿದ್ದರೂ. ಡಿಸ್ಟಿಲ್ಡ್ ವಾಟರಿನಲ್ಲಿ ಐದು ನಿಮಿಷ ಇಟ್ಟು ಚೆಲ್ಲಿ, ಹೀಗೆ ನಾಲ್ಕೈದು ಸಲ. ಪ್ರತಿ ಸಲ ತೊಳೆದ ನೀರಿಗೆ ಮೀಟರ್ ಹಿಡಿದು ಅಂಕಿ ಬರೆದುಕೊಳ್ಳಿ. ಅಂಕಿ ಇಳಿಯುತ್ತಾ ಬಂದು ಒಂದು ಕಡೆ ನಿಲ್ಲುತ್ತದೆ. ಅಲ್ಲಿಯವರೆಗೆ ತೊಳೆಯಬೇಕು. ಕೊನೆಯ ನೀರಿಗೆ ಯೂರಿಯಾ, ಫೀನಾಲ್ ರೆಡ್ ಹಾಕಿಯೂ ನೋಡಿ. ಬೇಗನೆ ಗುಲಾಬಿ ಆದರೆ ಎಂಜೈಮ್ ಹೊರಗೆ ಸೋರಿದೆ ಎಂದರ್ಥ. ಇನ್ನೆರಡು ಸಲ ತೊಳೆಯಿರಿ.

ಮೊದಲ ಪ್ರಾಕ್ಟಿಕಲ್ ಇಲ್ಲಿಗೆ ಮುಗಿಯುತ್ತದೆ. ಮಣಿಗಳನ್ನು 10 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡಿನಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ. ಫ್ರೀಜರಿನಲ್ಲಿ ಬೇಡ, ಹೆಪ್ಪುಗಟ್ಟಿದರೆ ಮಣಿ ಬಿರಿಯುತ್ತದೆ. ಮತ್ತೆ ಬಳಸುವ ದಿನ ಇನ್ನೊಮ್ಮೆ ತೊಳೆಯುವುದು ಇದ್ದೇ ಇದೆ.

ಮೀಟರಿಗೆ ಜೋಡಿಸುವುದು

ನೈಲಾನ್ ಸೊಳ್ಳೆಪರದೆಯ ತುಂಡನ್ನು ಚೆನ್ನಾಗಿ ತೊಳೆದು ಸಣ್ಣ ಚೀಲ ಹೊಲಿಯಿರಿ. 5 ಗ್ರಾಂ ಮಣಿ ತೂಗಿ ಅದರೊಳಗೆ ಹಾಕಿ. ಚೀಲವನ್ನು ಕಂಡಕ್ಟಿವಿಟಿ ಸೆಲ್ಲಿನ (ಮೀಟರಿನಲ್ಲಿ ದ್ರಾವಣಕ್ಕೆ ಅದ್ದುವ ಭಾಗ) ಸುತ್ತ ಸಡಿಲವಾಗಿ ಸುತ್ತಿ ದಾರದಲ್ಲಿ ಕಟ್ಟಿ. ಸೆಲ್ಲಿನ ತೂತು ಮುಚ್ಚಬಾರದು, ಪ್ಲಾಟಿನಂ ತಗಡುಗಳ ನಡುವೆ ಮಣಿ ಸಿಕ್ಕಬಾರದು. ತಗಡಿನ ಮೇಲಿನ ಕಪ್ಪು ಲೇಪನಕ್ಕೆ ಬೆರಳನ್ನಾಗಲಿ ಬಟ್ಟೆಯನ್ನಾಗಲಿ ತಾಗಿಸಬೇಡಿ. ಸೆಲ್ ಅದ್ದಿದ ಮೇಲೆ ಒಮ್ಮೆ ಮೆಲ್ಲಗೆ ತಟ್ಟಿ, ಒಳಗೆ ಗಾಳಿಗುಳ್ಳೆ ಇದ್ದರೆ ಅಂಕಿ ಕುಣಿಯುತ್ತದೆ.

ಇದಕ್ಕೂ ಮೊದಲು ಮೀಟರನ್ನು 0.01 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡಿನಲ್ಲಿ ಸರಿ ಮಾಡಿಕೊಂಡಿರಬೇಕು. 25 ಡಿಗ್ರಿಯಲ್ಲಿ ಅದು ಸೆಂಟಿಮೀಟರಿಗೆ 1413 ಮೈಕ್ರೋಸೀಮೆನ್ಸ್ (ಕಂಡಕ್ಟಿವಿಟಿಯ ಅಳತೆ) ತೋರಿಸಬೇಕು. ಒಂದು ಡಿಗ್ರಿ ಬಿಸಿ ಏರಿದರೆ ಕಂಡಕ್ಟಿವಿಟಿ ಸುಮಾರು ಶೇ 2ರಷ್ಟು ಏರುತ್ತದೆ. ಏಪ್ರಿಲ್ ಮಧ್ಯಾಹ್ನ ನಮ್ಮ ಲ್ಯಾಬಿನಲ್ಲಿ ಇದು ದೊಡ್ಡ ತೊಂದರೆ. ಬೀಕರನ್ನು ನೀರು ತುಂಬಿದ ಟಬ್ಬಿನಲ್ಲಿ ಇಟ್ಟರೆ ಉಷ್ಣಾಂಶ ನಿಲ್ಲುತ್ತದೆ. ಬಿಸಿಲು ಬೀಳುವ ಕಿಟಕಿ ಪಕ್ಕದ ಬೆಂಚು ಬೇಡ.

ಕ್ಯಾಲಿಬ್ರೇಶನ್: ಹೆಚ್ಚು ಹೊತ್ತು ಇಲ್ಲಿ ಕೊಡಿ

ಮೀಟರಿಗೆ ಯೂರಿಯಾ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಕರೆಂಟ್ ಎಷ್ಟು ಹರಿಯಿತು ಎಂಬುದಷ್ಟೇ. ಆ ಅಂಕಿಯನ್ನು ಯೂರಿಯಾ ಎಂದು ಓದುವ ಹಕ್ಕು ನಿಮಗೆ ಬರುವುದು ನಿಮ್ಮ ಕೈಯಾರೆ ಎಳೆದ ಗ್ರಾಫಿನಿಂದ. ಬೇರೆ ಬ್ಯಾಚಿನ ಗ್ರಾಫ್ ನಿಮ್ಮ ಮಣಿಗೆ ಹೊಂದುವುದಿಲ್ಲ. ಹೋದ ವಾರದ ನಿಮ್ಮದೇ ಗ್ರಾಫ್ ಕೂಡ ಇಂದಿಗೆ ಹೊಂದುವುದಿಲ್ಲ.

ಬೀಕರಿನ ಒಟ್ಟು ಅಳತೆ ಯಾವಾಗಲೂ 50 ಮಿಲಿ. 1 ಮಿಲಿಮೋಲಾರ್ ಬೇಕಾದರೆ 49.5 ಮಿಲಿ ನೀರು, 0.5 ಮಿಲಿ ಸ್ಟಾಕ್. 2ಕ್ಕೆ 1 ಮಿಲಿ, 4ಕ್ಕೆ 2 ಮಿಲಿ, ಹೀಗೆ 10 ಮಿಲಿಮೋಲಾರ್‌ವರೆಗೆ. ಮೊದಲು ಬರೀ ನೀರಿನಲ್ಲಿ ಸೆನ್ಸರ್ ಇಟ್ಟು ನಿಧಾನವಾಗಿ ಕಲಕುತ್ತಾ ಅಂಕಿ ನಿಲ್ಲುವವರೆಗೆ ಕಾಯಿರಿ. ಆಮೇಲೆ ಸ್ಟಾಕ್ ಹಾಕಿ, ಸ್ಟಾಪ್‌ವಾಚ್ ಒತ್ತಿ, 30 ಸೆಕೆಂಡಿಗೊಮ್ಮೆ 5 ನಿಮಿಷ ಅಂಕಿ ಬರೆಯಿರಿ.

ಸ್ಟಾಕ್ ಹಾಕಿದ ತಕ್ಷಣ ಅಂಕಿ ಜಿಗಿಯಬಾರದು. ಯೂರಿಯಾಕ್ಕೆ ಚಾರ್ಜ್ ಇಲ್ಲ ಎಂದೆವಲ್ಲ. ಜಿಗಿದರೆ ಪಿಪೆಟ್ ಕೊಳಕಾಗಿದೆ, ಇಲ್ಲವೇ ಸ್ಟಾಕಿನಲ್ಲಿ ಬೇರೇನೋ ಸೇರಿದೆ. ಸರಿಯಾಗಿದ್ದರೆ ಅರ್ಧ ಒಂದು ನಿಮಿಷ ಸುಮ್ನೆ ಇದ್ದು ಆಮೇಲೆ ಏರಲು ಶುರುವಾಗುತ್ತದೆ. ಯೂರಿಯಾ ಮಣಿಯೊಳಗೆ ಹೋಗಿ, ಒಡೆದು, ಅಯಾನುಗಳು ಹೊರಗೆ ಬರಲು ಅಷ್ಟು ಹೊತ್ತು ಬೇಕು. ನಿಮಿಷಕ್ಕೆ ಕೆಲವೇ ಮೈಕ್ರೋಸೀಮೆನ್ಸ್ ಏರಿದರೂ ಚಿಂತೆ ಇಲ್ಲ, ಒಂದೇ ಸಮನೆ ಏರಬೇಕು.

1ನೇ ನಿಮಿಷದಿಂದ 4ನೇ ನಿಮಿಷದವರೆಗಿನ ಏರಿಕೆಯನ್ನು 3ರಿಂದ ಭಾಗಿಸಿ. ಅದು ನಿಮಿಷದ ವೇಗ. ಕೊನೆಯ ಅಂಕಿ ತೆಗೆದುಕೊಳ್ಳದೆ ವೇಗ ಯಾಕೆ ತೆಗೆದುಕೊಳ್ಳುತ್ತೇವೆ? ಅಮೋನಿಯಾ ಹೆಚ್ಚಿದಂತೆ ಪಿಎಚ್ 9ರ ಕಡೆಗೆ ಏರುತ್ತದೆ. ಯೂರಿಯೇಸ್ ಚೆನ್ನಾಗಿ ಕೆಲಸ ಮಾಡುವುದು ಪಿಎಚ್ 7ರ ಆಸುಪಾಸಿನಲ್ಲಿ. ತಾನು ಮಾಡಿದ ಅಮೋನಿಯಾದಿಂದ ತಾನೇ ನಿಧಾನವಾಗುತ್ತದೆ. ಅದಕ್ಕೆ ಮೊದಲ ನಿಮಿಷಗಳನ್ನೇ ಓದಬೇಕು.

ಕಡಿಮೆಯಿಂದ ಜಾಸ್ತಿ ಕಡೆಗೆ ಹೋಗಿ. ಎರಡು ಅಳತೆಗಳ ನಡುವೆ ಚೀಲವನ್ನು ಎರಡು ಸಲ ತೊಳೆಯಿರಿ. ಎಲ್ಲ ಮುಗಿದ ಮೇಲೆ 1 ಮಿಲಿಮೋಲಾರನ್ನು ಇನ್ನೊಮ್ಮೆ ಮಾಡಿ. ಮೊದಲಿನ ಅಂಕಿಗೆ ಹತ್ತಿರ ಬಂದರೆ ಮಣಿ ಗಟ್ಟಿಯಾಗಿದೆ, ನಡುವಿನ ಅಂಕಿಗಳನ್ನು ನಂಬಬಹುದು. ಕುದಿಸಿದ ಮಣಿಯ ಚೀಲದಲ್ಲೂ ಒಂದೆರಡು ಅಳತೆ ಮಾಡಿ. ಅದರಲ್ಲಿ ಏನಾದರೂ ಏರಿಕೆ ಬಂದರೆ ಅದು ಸೋರಿಕೆಯ ಲೆಕ್ಕ, ಎಲ್ಲದರಿಂದಲೂ ಕಳೆಯಬೇಕು.

ಗ್ರಾಫ್ ಎಳೆದಾಗ ಶುರುವಿನಲ್ಲಿ ನೇರ ಗೆರೆ ಬರುತ್ತದೆ, ಮೇಲೆ ಹೋದಂತೆ ಬಾಗುತ್ತದೆ. ಈ ಬಾಗನ್ನು ಮಕ್ಕಳು ತಪ್ಪು ಎಂದುಕೊಂಡು ಸ್ಕೇಲ್ ಇಟ್ಟು ನೇರ ಮಾಡಿಬಿಡುತ್ತಾರೆ. ಹಾಗೆ ಮಾಡಬೇಡಿ. ಎಂಜೈಮಿನ ಎಲ್ಲ ಜಾಗಗಳೂ ತುಂಬುತ್ತಾ ಬಂದಂತೆ ವೇಗ ಏರುವುದು ನಿಧಾನವಾಗುತ್ತದೆ. ಥಿಯರಿ ಕ್ಲಾಸಿನಲ್ಲಿ ಓದಿದ ಮೈಕೆಲಿಸ್ ಮೆಂಟನ್ ಕರ್ವ್ ಇದೇ. ಸ್ಯಾಂಪಲ್ ಅಳೆಯಲು ನೇರ ಗೆರೆಯ ಭಾಗವನ್ನು ಮಾತ್ರ ಬಳಸಿ. ಬರೀ ನೀರನ್ನು ಐದಾರು ಸಲ ಅಳೆದು, ಅದರ ಸ್ಟ್ಯಾಂಡರ್ಡ್ ಡೀವಿಯೇಶನನ್ನು 3ರಿಂದ ಗುಣಿಸಿ ಗೆರೆಯ ಇಳಿಜಾರಿನಿಂದ ಭಾಗಿಸಿದರೆ ನಿಮ್ಮ ಸೆನ್ಸರ್ ಎಷ್ಟು ಕಡಿಮೆ ಯೂರಿಯಾವನ್ನು ಗುರುತಿಸಬಲ್ಲದು ಎಂಬುದು ಸಿಗುತ್ತದೆ.

ಗೊಬ್ಬರ, ಆಮೇಲೆ ಹಾಲು

ಮೊದಲ ಸ್ಯಾಂಪಲ್ ಗೊಬ್ಬರವೇ ಆಗಲಿ. ಮನೆಯ ಮೂಟೆಯಿಂದ ಒಂದು ಚಮಚ ತರಲು ಹೇಳಿ. ಈಗ ಬರುವ ಯೂರಿಯಾಕ್ಕೆ ಬೇವಿನೆಣ್ಣೆ ಲೇಪ ಇರುತ್ತದೆ, ಕರಗಿಸಿದಾಗ ಮೇಲೆ ಎಣ್ಣೆಯ ಪೊರೆ ಕಾಣುತ್ತದೆ. ಒದ್ದೆ ಫಿಲ್ಟರ್ ಪೇಪರಿನಲ್ಲಿ ಸೋಸಿ. ಮೂಟೆಯ ಮೇಲೆ ಸಾರಜನಕ ಶೇ 46 ಎಂದಿರುತ್ತದೆ. ಶುದ್ಧ ಯೂರಿಯಾದಲ್ಲಿ ಶೇ 46.6. ಅಂದರೆ ಗೊಬ್ಬರ ಹೆಚ್ಚು ಕಡಿಮೆ ಶುದ್ಧ ಯೂರಿಯಾವೇ. ನಿಮ್ಮ ಸೆನ್ಸರ್ ಎಷ್ಟು ಹೇಳುತ್ತದೆ ನೋಡಿ. ಉತ್ತರ ಮೊದಲೇ ಗೊತ್ತಿರುವ ಸ್ಯಾಂಪಲ್ ಇದು. ಹೊಸ ಸೆನ್ಸರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಹಾಲು ಕಷ್ಟದ ಸ್ಯಾಂಪಲ್. ಆದರೆ ಡೇರಿಗೆ ಹಾಲು ಹಾಕುವ ಮನೆಯ ಮಕ್ಕಳು ಕ್ಲಾಸಿನಲ್ಲಿ ತುಂಬಾ ಜನ, ಎಲ್ಲರಿಗೂ ಅದನ್ನೇ ಅಳೆಯುವ ಆಸೆ. ಅವರಿಗೆ ಮೊದಲೇ ಒಂದು ವಿಷಯ ಹೇಳಬೇಕು: ಹಾಲಿನಲ್ಲಿ ಯೂರಿಯಾ ಸಹಜವಾಗಿಯೇ ಇರುತ್ತದೆ. 100 ಮಿಲಿಗೆ ಸುಮಾರು 20ರಿಂದ 40 ಮಿಲಿಗ್ರಾಂ. ಹಸುವಿನ ಮೇವಿನಲ್ಲಿ ಪ್ರೋಟೀನ್ ಜಾಸ್ತಿಯಾದರೆ ಇದೂ ಏರುತ್ತದೆ. ದೇಶದ ಆಹಾರ ಸುರಕ್ಷತಾ ನಿಯಮದಲ್ಲಿ ಇಟ್ಟಿರುವ ಮಿತಿ 700 ಪಿಪಿಎಂ, ಅಂದರೆ 100 ಮಿಲಿಗೆ ಸುಮಾರು 70 ಮಿಲಿಗ್ರಾಂ. ಸೆನ್ಸರ್ ಯೂರಿಯಾ ತೋರಿಸಿತು ಎಂದ ಮಾತ್ರಕ್ಕೆ ಕಲಬೆರಕೆ ಎಂದು ಯಾರ ಮೇಲೂ ಹೇಳಬಾರದು. ಒಂದು ಸಲ ಒಬ್ಬ ವಿದ್ಯಾರ್ಥಿನಿ ತಮ್ಮ ಮನೆಯ ಹಾಲಿನಲ್ಲಿ ಯೂರಿಯಾ ಬಂತೆಂದು ಕಣ್ಣೀರು ಹಾಕಿದಳು. ಲೆಕ್ಕ ಮಾಡಿ ನೋಡಿದರೆ ಅದು ಸಹಜ ಮಿತಿಯೊಳಗೇ ಇತ್ತು. ಅಂದಿನಿಂದ ಹಾಲು ಬೆಂಚಿಗೆ ಬರುವ ಮೊದಲೇ ಈ ಅಂಕಿಗಳನ್ನು ಬೋರ್ಡಿನ ಮೇಲೆ ಬರೆಯುತ್ತೇನೆ.

ಹಾಲಿನಲ್ಲಿ ಲವಣಗಳಿವೆ, ಬಫರ್ ಗುಣ ಇದೆ. ನೀರಿನಲ್ಲಿ ಎಳೆದ ಗ್ರಾಫ್ ಅದಕ್ಕೆ ಸರಿಹೋಗುವುದಿಲ್ಲ. ಅದಕ್ಕೆ ಸ್ಟ್ಯಾಂಡರ್ಡ್ ಅಡಿಶನ್ ಮಾಡಬೇಕು. 5 ಮಿಲಿ ಹಾಲನ್ನು 50 ಮಿಲಿ ಮಾಡಿ ವೇಗ ಅಳೆಯಿರಿ. ಇನ್ನೊಂದು ಬೀಕರಿನಲ್ಲಿ 5 ಮಿಲಿ ಹಾಲು, 0.5 ಮಿಲಿ ಯೂರಿಯಾ ಸ್ಟಾಕ್, ಉಳಿದದ್ದು ನೀರು. ಇಲ್ಲಿ 1 ಮಿಲಿಮೋಲಾರ್ ಯೂರಿಯಾ ಹೆಚ್ಚಿಗೆ ಸೇರಿದೆ. ಹಾಲಿಗೆ ಸ್ಟಾಕ್ ಹಾಕಿ ಆಮೇಲೆ ಚೀಲ ಇಳಿಸಿ, ಎರಡಕ್ಕೂ ಒಂದೇ ಕ್ರಮ ಇರಲಿ. ಕುದಿಸಿದ ಮಣಿಯ ಚೀಲದಲ್ಲೂ ಅಳೆದು ಅದನ್ನು ಕಳೆಯಿರಿ.

ಒಂದು ಉದಾಹರಣೆ ಲೆಕ್ಕ. ಬರೀ ಹಾಲಿನಲ್ಲಿ ವೇಗ 4, ಯೂರಿಯಾ ಸೇರಿಸಿದ ಹಾಲಿನಲ್ಲಿ 12 ಎಂದುಕೊಳ್ಳಿ. 1 ಮಿಲಿಮೋಲಾರ್ ಕೊಟ್ಟ ಏರಿಕೆ 8. ಹಾಗಾದರೆ 4ಕ್ಕೆ 0.5 ಮಿಲಿಮೋಲಾರ್. ಹಾಲನ್ನು ಹತ್ತು ಪಟ್ಟು ತೆಳು ಮಾಡಿದ್ದೆವು, ಆದ್ದರಿಂದ ಮೂಲ ಹಾಲಿನಲ್ಲಿ 5. ಅದನ್ನು 60ರಿಂದ ಗುಣಿಸಿದರೆ ಲೀಟರಿಗೆ 300 ಮಿಲಿಗ್ರಾಂ, 100 ಮಿಲಿಗೆ 30. ಸಹಜ ಹಾಲು.

ಹಾಲಿನ ಫಾಸ್ಫೇಟ್, ಸಿಟ್ರೇಟುಗಳು ಮಣಿಯನ್ನು ಮೆತ್ತಗೆ ಮಾಡುತ್ತವೆ. ಪ್ರತಿ ಹಾಲಿನ ಅಳತೆ ಆದ ಮೇಲೆ ಚೀಲವನ್ನು ತೊಳೆದು, 10 ನಿಮಿಷ ಕ್ಯಾಲ್ಸಿಯಂ ಕ್ಲೋರೈಡಿನಲ್ಲಿ ಅದ್ದಿ, ಮತ್ತೆ ಅಂಕಿ ನಿಲ್ಲುವವರೆಗೆ ತೊಳೆಯಿರಿ. ಪರೀಕ್ಷೆಗೆ ತಂದ ಹಾಲನ್ನು ಯಾರೂ ಕುಡಿಯಬಾರದು, ಉಳಿದರೂ ಸಿಂಕಿಗೇ.

ಸಮಯ ಉಳಿದರೆ

ಮೈಲುತುತ್ತದ, ಅಂದರೆ ಕಾಪರ್ ಸಲ್ಫೇಟಿನ, ಪ್ರಯೋಗ ಮಾಡಿ. ಅದರ 1 ಮಿಲಿಮೋಲಾರ್ ದ್ರಾವಣದಲ್ಲಿ ಚೀಲವನ್ನು 10 ನಿಮಿಷ ಅದ್ದಿ ತೊಳೆಯಿರಿ. ಮಣಿಗಳಿಗೆ ತಿಳಿನೀಲಿ ಬಣ್ಣ ಹತ್ತುತ್ತದೆ, ಯಾಕೆಂದರೆ ಆಲ್ಜಿನೇಟಿಗೆ ಕ್ಯಾಲ್ಸಿಯಂಗಿಂತ ತಾಮ್ರದ ಮೇಲೆ ಪ್ರೀತಿ ಜಾಸ್ತಿ. ಈಗ ಅದೇ 4 ಮಿಲಿಮೋಲಾರ್ ಯೂರಿಯಾ ಕೊಟ್ಟು ವೇಗ ನೋಡಿ, ಇಳಿದಿರುತ್ತದೆ. ತಾಮ್ರ ಯೂರಿಯೇಸಿಗೆ ವಿಷ. ಯೂರಿಯಾ ಅಳೆಯಲು ಮಾಡಿದ ಸೆನ್ಸರ್ ಈಗ ನೀರಿನಲ್ಲಿ ಲೋಹ ಇದೆ ಎಂದು ಹೇಳುತ್ತಿದೆ. ಪಾದರಸದ ಲವಣ ಇನ್ನೂ ಜೋರಾಗಿ ತೋರಿಸುತ್ತದೆ, ಆದರೆ ಮಕ್ಕಳ ಕೈಗೆ ಅದನ್ನು ಕೊಡಲೇಬೇಡಿ. ಇದನ್ನು ಎಲ್ಲಕ್ಕಿಂತ ಕೊನೆಗೆ ಮಾಡಿ, ತಾಮ್ರ ತಾಗಿದ ಮಣಿ ಮತ್ತೆ ಕ್ಯಾಲಿಬ್ರೇಶನಿಗೆ ಬಾರದು. ತಾಮ್ರದ ನೀರು, ಮಣಿ ಎರಡನ್ನೂ ಲೋಹದ ತ್ಯಾಜ್ಯದ ಬಾಟಲಿಗೆ ಹಾಕಿ.

ಏನೂ ಏರದಿದ್ದರೆ ಹುಡುಕಬೇಕಾದ ಕ್ರಮ ಹೇಳುತ್ತೇನೆ. ಒಂದು ಮಣಿಯನ್ನು ಬ್ಲೇಡಿನಲ್ಲಿ ಎರಡು ಹೋಳು ಮಾಡಿ ಯೂರಿಯಾ, ಫೀನಾಲ್ ರೆಡ್ ಇರುವ ವಾಚ್ ಗ್ಲಾಸಿಗೆ ಹಾಕಿ. ಹೋಳಿನ ಸುತ್ತ ಗುಲಾಬಿ ಉಂಗುರ ಎದ್ದರೆ ಎಂಜೈಮ್ ಬದುಕಿದೆ, ತಪ್ಪು ಮೀಟರ್ ಕಡೆ ಇದೆ. ಉಂಗುರ ಬಾರದಿದ್ದರೆ ಹುರುಳಿಯಿಂದಲೇ ಮತ್ತೆ ಶುರು ಮಾಡಿ. ಬರೀ ನೀರಿನಲ್ಲೂ ಅಂಕಿ ಏರುತ್ತಲೇ ಇದ್ದರೆ ತೊಳೆದದ್ದು ಸಾಲದು. ಬೆಳಗ್ಗೆ ಸರಿಯಿದ್ದು ಮಧ್ಯಾಹ್ನ ಎಲ್ಲ ಅಂಕಿಗಳೂ ಒಟ್ಟಿಗೆ ಮೇಲೆ ಹೋದರೆ ಟಬ್ಬಿನ ನೀರಿಗೆ ಥರ್ಮಾಮೀಟರ್ ಹಾಕಿ ನೋಡಿ.

ರೆಕಾರ್ಡಿನಲ್ಲಿ ತೊಳೆದ ನೀರಿನ ಅಂಕಿಗಳನ್ನೂ, ಕಂಟ್ರೋಲ್ ಅಂಕಿಗಳನ್ನೂ ಬರೆಸಿ. ನಾನು ಮಾರ್ಕ್ಸ್ ಕೊಡುವಾಗ ಗ್ರಾಫಿಗಿಂತ ಮೊದಲು ಅವನ್ನೇ ನೋಡುತ್ತೇನೆ. ಸೆಲ್ಲನ್ನು ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದು, ಒಣಗಲು ಬಿಡದೆ ನೀರಿನಲ್ಲೇ ಮುಳುಗಿಸಿಡಿ. ಉಳಿದ ಮಣಿಯ ಬಾಟಲಿ ಮೇಲೆ ಮಾಡಿದ ದಿನಾಂಕ, ಬ್ಯಾಚಿನ ಹೆಸರು ಬರೆದು ಫ್ರಿಜ್ಜಿಗೆ ಇಡಿ. ಮುಂದಿನ ವಾರ ಅದೇ ಮಣಿಯಲ್ಲಿ 4 ಮಿಲಿಮೋಲಾರ್ ಒಂದನ್ನೇ ಅಳೆದು, ಇಂದಿನ ವೇಗದಲ್ಲಿ ಎಷ್ಟು ಉಳಿದಿದೆ ಎಂದು ಅದೇ ಪುಟದಲ್ಲಿ ಬರೆಯಲು ಒಂದು ಸಾಲು ಖಾಲಿ ಬಿಡಿ.